ಅನ್ನ ತಿನ್ನಿಸಲು ಕಲಿಸುವ ತರಗತಿ

ಆರನೇ ತರಗತಿಗೆಂದು ಎನ್‌ಸಿಇಆರ್‌ಟಿ 2024ರಲ್ಲಿ ತಂದ ‘ಕೌಶಲ ಬೋಧ’ ಪುಸ್ತಕ ಜಗತ್ತಿನ ಕೆಲಸಗಳನ್ನೆಲ್ಲ ಮೂರು ಗಂಟು ಕಟ್ಟಿಟ್ಟಿದೆ. ಗಿಡಮರ, ದನಕರುಗಳ ಜೊತೆಗಿನ ಕೆಲಸ ಒಂದು ಗಂಟು. ಯಂತ್ರ ಮತ್ತು ಸಾಮಗ್ರಿಗಳ ಕೆಲಸ ಇನ್ನೊಂದು. ಮೂರನೆಯದು ಮಾನವ ಸೇವೆ. ಮೊದಲ ಗಂಟು ಬಿಚ್ಚಿದರೆ ಶಾಲೆಯ ಕೈತೋಟ ಸಿಗುತ್ತದೆ, ಎರಡನೆಯದರಲ್ಲಿ ಅನಿಮೇಷನ್ ಇದೆ. ಮೂರನೆಯದರಲ್ಲಿರುವುದು ಶಾಲೆಯಲ್ಲೊಂದು ಪುಟ್ಟ ವಸ್ತುಸಂಗ್ರಹಾಲಯ ಮತ್ತು ಒಲೆ ಹಚ್ಚದೆ ಮಾಡುವ ಅಡುಗೆ. ಕೋಸಂಬರಿ ಕಲಸುವುದೂ ಮಾನವ ಸೇವೆಯೇ ಎಂದು ನಗಬಹುದು. ಆದರೆ ಹನ್ನೊಂದು ವರ್ಷದ ಮಗುವಿಗೆ ಇನ್ನೊಬ್ಬರ ತಟ್ಟೆಗೆ ಬಡಿಸುವುದರಿಂದಲೇ ಪಾಠ ಶುರು ಮಾಡಿಸಿದ್ದು ತಪ್ಪೇನಲ್ಲ. ಕಷ್ಟದ ಪ್ರಶ್ನೆ ಏಳುವುದು ನಾಲ್ಕು ವರ್ಷ ಕಳೆದ ಮೇಲೆ, ಅದೇ ಮಗು ಹೈಸ್ಕೂಲಿಗೆ ಬಂದು, ಇದನ್ನೇ ಬದುಕಿನ ದಾರಿ ಮಾಡಿಕೊಳ್ಳಬಹುದೇ ಎಂದು ಯೋಚಿಸುವಾಗ.

ಈ ಮೂರು ಗಂಟಿನ ಲೆಕ್ಕ ಬಂದದ್ದು 2023ರ ಆಗಸ್ಟ್‌ನಲ್ಲಿ ಹೊರಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಿಂದ. ಆರರಿಂದ ಎಂಟನೇ ತರಗತಿವರೆಗೆ ವರ್ಷಕ್ಕೆ 110 ಗಂಟೆ ವೃತ್ತಿ ಶಿಕ್ಷಣಕ್ಕೆ ಮೀಸಲು; ಮೂರೂ ಬಗೆಯ ಕೆಲಸದ ರುಚಿ ಎಲ್ಲ ಮಕ್ಕಳೂ ನೋಡಬೇಕು ಎಂಬುದು ಅದರ ಆಶಯ. ಕರ್ನಾಟಕಕ್ಕೂ ರಾಷ್ಟ್ರೀಯ ಶಿಕ್ಷಣ ನೀತಿಗೂ ಇರುವ ತಕರಾರು ಓದುಗರಿಗೆ ಗೊತ್ತೇ ಇದೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ತನ್ನ ವರದಿ ಕೊಟ್ಟಿದೆ. ಆ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ನೀತಿ ಯಾರದೇ ಇರಲಿ, ಮುದುಕರಿಗೆ ಸ್ನಾನ ಮಾಡಿಸುವ, ಕೂಸನ್ನು ನೋಡಿಕೊಳ್ಳುವ, ಅಂಗವಿಕಲ ಮಗುವಿಗೆ ಚಮಚ ಹಿಡಿಯಲು ಕಲಿಸುವ ಕೈಗಳು ಬೇಕೇ ಬೇಕು.

2011ರ ಜನಗಣತಿ ಹೊತ್ತಿಗೇ ದೇಶದಲ್ಲಿ ಅರುವತ್ತು ದಾಟಿದವರು 10 ಕೋಟಿಗಿಂತ ಹೆಚ್ಚಿದ್ದರು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ 9.5ರಷ್ಟು. 2050ಕ್ಕೆ ಭಾರತದ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜು ಮಾಡಿದೆ. ಮಕ್ಕಳು ಒಬ್ಬರೋ ಇಬ್ಬರೋ, ಅವರೂ ಬೆಂಗಳೂರಿನಲ್ಲೋ ಹ್ಯೂಸ್ಟನ್‌ನಲ್ಲೋ. ಮಲೆನಾಡಿನ, ಕರಾವಳಿಯ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇಬ್ಬರೇ ಮುದುಕರು, ಒಂದು ಟಿವಿ, ಒಬ್ಬ ಹೋಮ್ ನರ್ಸ್. ಹೋಮ್ ನರ್ಸ್ ಎಂದು ಕರೆದರೂ ಆಕೆ ನರ್ಸಿಂಗ್ ಓದಿದವಳಲ್ಲ. ಏಜೆನ್ಸಿಯವರು ಕಳಿಸಿದ್ದಾರೆ, ಬಂದಿದ್ದಾಳೆ. ಕಲಿತದ್ದೆಲ್ಲ ಹಿಂದಿನ ಮನೆಯಲ್ಲಿ. ಆ ಮನೆಯ ಅಜ್ಜಿಯ ಮೇಲೆ ಮಾಡಿದ ತಪ್ಪುಗಳೇ ಆಕೆಯ ಪಠ್ಯಪುಸ್ತಕ. ತಪ್ಪು ಆಕೆಯದಲ್ಲ, ಕಲಿಸಿದವರು ಯಾರೂ ಇರಲಿಲ್ಲ.

ಕಲಿಸಲು ಏನಿದೆ ಎಂದು ಕೇಳುವವರಿಗಾಗಿ ಒಂದು ಅಭ್ಯಾಸವನ್ನು ಇಲ್ಲಿ ವಿವರವಾಗಿ ಹೇಳಬೇಕು. ಆರೈಕೆಯ ತರಬೇತಿ ನಡೆಯುವ ಕಡೆ ಇದನ್ನು ಮಾಡಿಸುತ್ತಾರೆ. ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡುತ್ತಾರೆ. ಒಬ್ಬರು ರೋಗಿ, ಇನ್ನೊಬ್ಬರು ಆರೈಕೆಯವರು. ರೋಗಿಯ ಕಣ್ಣಿಗೆ ಬಟ್ಟೆ, ಕೈ ತೊಡೆಯ ಮೇಲೆ. ಆರೈಕೆಯವರ ಕೈಯಲ್ಲಿ ಒಂದು ಬಟ್ಟಲು ಮೊಸರನ್ನ, ಒಂದು ಚಮಚ. ತಿನ್ನಿಸಿ, ಅಷ್ಟೇ.

ಮೊದಲ ಎರಡು ನಿಮಿಷ ನಗು. ಚಮಚ ತುಟಿಗೆ ತಾಗುತ್ತದೆ, ಬಾಯಿ ತೆರೆದಿಲ್ಲ. ಬಾಯಿ ತೆರೆದಾಗ ಚಮಚ ಇನ್ನೂ ಬಟ್ಟಲಲ್ಲಿದೆ. ಅನ್ನ ಗಲ್ಲಕ್ಕೆ, ಅಂಗಿಗೆ. ಆಮೇಲೆ ನಗು ನಿಲ್ಲುತ್ತದೆ. ಕಣ್ಣು ಕಟ್ಟಿಸಿಕೊಂಡವರಿಗೆ ಮುಂದಿನ ತುತ್ತು ಯಾವಾಗ ಬರುತ್ತದೆಂದು ಗೊತ್ತಿಲ್ಲ, ಬಾಯಲ್ಲಿರುವುದನ್ನು ನುಂಗುವ ಮೊದಲೇ ಇನ್ನೊಂದು ಬರುತ್ತದೆ, ನೀರು ಬೇಕು ಎನ್ನಲು ಬಾಯಿ ತುಂಬಿದೆ. ಪಾತ್ರ ಬದಲಾಗುತ್ತದೆ. ಈಗಷ್ಟೇ ಕಣ್ಣುಕಟ್ಟು ಬಿಚ್ಚಿಕೊಂಡವರು ಚಮಚ ಹಿಡಿದಾಗ ಯಾರೂ ಹೇಳಿಕೊಡದೆಯೇ ಮಾತು ಶುರುವಾಗುತ್ತದೆ: ‘ಅನ್ನ ತರ್ತಾ ಇದ್ದೀನಿ. ಬಾಯಿ ತೆಗೀರಿ. ಇನ್ನೊಂಚೂರು ಸಾಕಾ?’ ತರಬೇತುದಾರರು ಉಳಿದದ್ದನ್ನು ಆಮೇಲೆ ಸೇರಿಸುತ್ತಾರೆ. ಬೆನ್ನು ನೆಟ್ಟಗಿರಲಿ, ಗದ್ದ ಸ್ವಲ್ಪ ಕೆಳಗಿರಲಿ, ಚಮಚದಲ್ಲಿ ಅರ್ಧವೇ ಇರಲಿ, ಗಂಟಲು ಮೇಲೆ ಕೆಳಗೆ ಆದದ್ದನ್ನು ನೋಡಿಯೇ ಮುಂದಿನ ತುತ್ತು. ಊಟವಾದ ತಕ್ಷಣ ಮಲಗಿಸಬೇಡಿ. ಪಾರ್ಶ್ವವಾಯು ಆದವರಿಗೆ ಅನ್ನ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು ಎಂಬ ಪುಸ್ತಕದ ವಾಕ್ಯ ಆಗ ಮಾತ್ರ ತಲೆಗೆ ಇಳಿಯುತ್ತದೆ.

ಇಂಥ ಹತ್ತಾರು ಪಾಠಗಳಿವೆ. ಒಂದು ಕೈ ಸೋತವರಿಗೆ ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಸೋತ ಕೈ ಕೊನೆಗೆ. ಗಾಲಿಕುರ್ಚಿಯನ್ನು ಮಂಚದ ಪಕ್ಕ ಇಡುವುದು ಗಟ್ಟಿ ಇರುವ ಬದಿಗೆ. ಬ್ರೇಕ್ ಹಾಕಿದ್ದು, ಪಾದದ ಹಲಗೆ ಎತ್ತಿದ್ದು ಎರಡೂ ನೋಡಿಯೇ ಕೈ ಹಾಕಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು. ನಾವು ಯಾವ ಬದಿಗೆ ತಿರುಗಿಸುತ್ತೇವೋ ಆ ಬದಿಯಲ್ಲೇ ನಿಂತು, ಆಚೆಯ ಮಂಡಿ ಮಡಿಸಿ, ಆಚೆಯ ಕೈ ಎದೆಯ ಮೇಲಿಟ್ಟು, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ನಮ್ಮ ಕಡೆಗೆ ಹೊರಳಿಸಬೇಕು. ಹೊರಳಿಸಿದಾಗ ಹಿಮ್ಮಡಿ, ಬಾಲಮೂಳೆಯ ಜಾಗ, ಸೊಂಟದ ಎಲುಬು ನೋಡಬೇಕು. ಕೆಂಪಾಗಿದೆಯೇ? ಬೆರಳಿಂದ ಒತ್ತಿ ನೋಡಿ. ಬಿಳಿಚಿ ಮತ್ತೆ ಕೆಂಪಾದರೆ ಸದ್ಯಕ್ಕೆ ಸಮಾಧಾನ, ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದು ಲೆಕ್ಕ. ಇದನ್ನು ಕಂಡುಹಿಡಿಯಲು ಡಾಕ್ಟರೇ ಬರಬೇಕಿಲ್ಲ, ಒಂಬತ್ತನೇ ತರಗತಿಯ ಹುಡುಗನಿಗೂ ಸಾಧ್ಯ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣದು, ಬಿಸಿ ಅಥವಾ ಗಟ್ಟಿ ಅನ್ನಿಸುತ್ತದೆಯೇ ಎಂದು ಮುಟ್ಟಿ ನೋಡಬೇಕು ಎಂಬುದನ್ನು ಮಾತ್ರ ಮರೆಯದೆ ಕಲಿಸಬೇಕು. ಚಿತ್ರಗಳಲ್ಲಿರುವುದು ಬಹುಪಾಲು ಬಿಳಿಯರ ಹಿಮ್ಮಡಿ, ನಮ್ಮ ಅಜ್ಜಂದಿರದಲ್ಲ.

ಇಷ್ಟೆಲ್ಲ ಇದ್ದೂ ಇದನ್ನು ‘ಕಲಿಯುವ ವಿದ್ಯೆ’ ಎಂದು ನಾವು ಒಪ್ಪಿದ್ದು ಕಡಿಮೆ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆ ನಮ್ಮದು. ಆ ನಂಬಿಕೆ ಮೇಲ್ನೋಟಕ್ಕೆ ಹೊಗಳಿಕೆ, ಒಳಗೆ ಲೆಕ್ಕಾಚಾರ. ಹುಟ್ಟುಗುಣಕ್ಕೆ ಸಂಬಳ ಕೊಡಬೇಕಿಲ್ಲವಲ್ಲ. ಸೊಸೆ ಮಾಡಿದರೆ ಕರ್ತವ್ಯ, ಮಗಳು ಮಾಡಿದರೆ ಪ್ರೀತಿ, ಅಂಗನವಾಡಿ ಕಾರ್ಯಕರ್ತೆ ಮಾಡಿದರೆ ‘ಗೌರವಧನ’. ಫ್ರೀಡಂ ಪಾರ್ಕಿನಲ್ಲಿ ವರ್ಷ ವರ್ಷವೂ ಆಶಾ, ಅಂಗನವಾಡಿ, ಬಿಸಿಯೂಟದ ಹೆಂಗಸರು ಕೂರುವುದು ಇದೇ ಲೆಕ್ಕಾಚಾರದ ವಿರುದ್ಧ. ಹೈಸ್ಕೂಲಿನಲ್ಲಿ ಮಾನವ ಸೇವೆಯ ಪ್ರಾಯೋಗಿಕ ತರಬೇತಿ ಬೇಕು ಎಂದು ನಾನು ವಾದಿಸುವುದಕ್ಕೆ ದೊಡ್ಡ ಕಾರಣ ಉದ್ಯೋಗವಲ್ಲ. ಈ ಕೆಲಸದಲ್ಲಿ ತಪ್ಪು ಸರಿ ಇದೆ, ಅದನ್ನು ತಿದ್ದಬಹುದು, ಅಳೆಯಬಹುದು, ಆದ್ದರಿಂದ ಅದಕ್ಕೊಂದು ಬೆಲೆ ಕಟ್ಟಬೇಕು ಎಂಬುದು ಹದಿನೈದನೇ ವಯಸ್ಸಿಗೇ, ಗಂಡು ಹೆಣ್ಣು ಇಬ್ಬರಿಗೂ, ಸ್ವಂತ ಕೈಯಿಂದ ಗೊತ್ತಾಗಬೇಕು ಎಂಬುದೇ ಕಾರಣ.

ಈಗ ಇರುವುದೇನು? ವೃತ್ತಿ ಶಿಕ್ಷಣಕ್ಕೆಂದೇ ಇರುವ ಭೋಪಾಲದ ಪಂಡಿತ ಸುಂದರಲಾಲ ಶರ್ಮ ಕೇಂದ್ರೀಯ ಸಂಸ್ಥೆ ಒಂಬತ್ತು, ಹತ್ತನೇ ತರಗತಿಗೆ ‘ಹೋಮ್ ಹೆಲ್ತ್ ಏಡ್’, ಪಿಯು ಮಟ್ಟಕ್ಕೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೆಲಸಗಳ ಪಠ್ಯ ರೂಪಿಸಿದೆ. ಸಿಬಿಎಸ್‌ಇಯ ಹತ್ತನೇ ತರಗತಿವರೆಗಿನ ಕೌಶಲ ವಿಷಯಗಳಲ್ಲಿ 50 ಅಂಕ ಬರಹಕ್ಕೆ, 50 ಪ್ರಾಯೋಗಿಕಕ್ಕೆ. ಹಾಳೆಯ ಮೇಲೆ ಒಳ್ಳೆಯ ಹಂಚಿಕೆ. ಆದರೆ ಪ್ರಾಯೋಗಿಕ ಪರೀಕ್ಷೆ ಎಂದರೆ ನಮ್ಮಲ್ಲಿ ರೆಕಾರ್ಡ್ ಪುಸ್ತಕ ಮತ್ತು ವೈವಾ. ಕೈ ತೊಳೆಯುವ ಹಂತಗಳನ್ನು ಹೇಳು ಎಂದರೆ ಮಗು ಮಗ್ಗಿಯಂತೆ ಒಪ್ಪಿಸುತ್ತದೆ. ಸೋಪು ಕೊಟ್ಟು ತೊಳೆದು ತೋರಿಸು ಎಂದರೆ ಹೆಬ್ಬೆರಳು ಬಿಟ್ಟುಹೋಗುತ್ತದೆ. ಸೋಪು ನೀರಿನಲ್ಲಿ ಸರಿಯಾಗಿ ತೊಳೆಯಲು 40ರಿಂದ 60 ಸೆಕೆಂಡು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಲವತ್ತು ಮಕ್ಕಳ ತರಗತಿ, ಒಂದು ನಲ್ಲಿ, ನಲವತ್ತು ನಿಮಿಷದ ಪೀರಿಯಡ್. ಲೆಕ್ಕ ನೀವೇ ಹಾಕಿ.

ಕರ್ನಾಟಕದಲ್ಲಿ ಎನ್‌ಎಸ್‌ಕ್ಯೂಎಫ್ ಎಂಬ ನಾಲಿಗೆ ಹೊರಳದ ಹೆಸರಿನಲ್ಲಿ ವೃತ್ತಿ ವಿಷಯಗಳು ಆಯ್ದ ಸರ್ಕಾರಿ ಹೈಸ್ಕೂಲುಗಳಿಗೆ ಬಂದಿವೆ. 2013ರ ಡಿಸೆಂಬರ್‌ನಲ್ಲಿ ಕೇಂದ್ರ ಅಧಿಸೂಚಿಸಿದ ಕೌಶಲ ಅರ್ಹತಾ ಚೌಕಟ್ಟು ಅದು. ಮಾಹಿತಿ ತಂತ್ರಜ್ಞಾನ, ಚಿಲ್ಲರೆ ವ್ಯಾಪಾರ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಅದರಲ್ಲಿ ಸೇರಿವೆ. ಎಸ್‌ಎಸ್‌ಎಲ್‌ಸಿ ವೇಳಾಪಟ್ಟಿ ನೋಡಿದವರಿಗೆ ಗೊತ್ತು, ತೃತೀಯ ಭಾಷೆಯ ಪರೀಕ್ಷೆಯ ದಿನವೇ ಇವುಗಳ ಪರೀಕ್ಷೆಯೂ ನಡೆಯುತ್ತದೆ. ಹಿಂದಿಯೋ ಸಂಸ್ಕೃತವೋ ಇರಬೇಕಾದ ಜಾಗದಲ್ಲಿ ಇವನ್ನು ತೆಗೆದುಕೊಳ್ಳಬಹುದು. ಬ್ಯೂಟಿ ಅಂಡ್ ವೆಲ್‌ನೆಸ್ ಕಂಡು ಮೂಗು ಮುರಿಯುವವರಿದ್ದಾರೆ. ಅಮೆರಿಕದ ಹೈಸ್ಕೂಲುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ 16 ವೃತ್ತಿ ಗುಂಪುಗಳಲ್ಲಿ ಮಾನವ ಸೇವೆ ಒಂದು. ಶಿಶುಪಾಲನೆ, ಆಪ್ತಸಮಾಲೋಚನೆ, ಕುಟುಂಬ ಸೇವೆಗಳ ಜೊತೆಗೆ ಕೇಶ ಸೌಂದರ್ಯವೂ ಅದರಲ್ಲೇ ಬರುತ್ತಿತ್ತು. ಅದರಲ್ಲಿ ಹುರುಳಿದೆ. ಇನ್ನೊಬ್ಬರ ಮೈ ಮುಟ್ಟುವ ಮೊದಲು ಕೇಳುವುದು, ಉಪಕರಣ ಶುದ್ಧ ಮಾಡುವುದು, ಕುರ್ಚಿಯಲ್ಲಿ ಕೂತವರ ಮಾತನ್ನು ಕೇಳಿಸಿಕೊಂಡು ಹೊರಗೆ ಆಡದಿರುವುದು ಎರಡೂ ಕಡೆ ಒಂದೇ.

ತೊಂದರೆ ಬೇರೆಡೆ ಇದೆ. ಕಲಿಸುವವರು ಬಹುಮಟ್ಟಿಗೆ ಹೊರಗುತ್ತಿಗೆಯವರು. ಏಜೆನ್ಸಿಯ ಕರಾರು ಮುಗಿದರೆ ಪಾಠವೂ ಮುಗಿಯಿತು. ಹೊಸ ಆದೇಶ ಬರುವವರೆಗೆ ಆ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ಸಿಲೆಬಸ್ ಮುಗಿಸಿಕೊಳ್ಳುತ್ತಾರೆ. ಇನ್ನೊಂದು, ಈ ವಿಷಯಗಳು ಇರುವುದೇ ಸರ್ಕಾರಿ ಶಾಲೆಗಳಲ್ಲಿ. ರಸ್ತೆಯಾಚೆಯ ಇಂಗ್ಲಿಷ್ ಶಾಲೆಯಲ್ಲಿ ರೋಬೊಟಿಕ್ಸ್ ಲ್ಯಾಬ್, ಈಚೆಯ ಶಾಲೆಯಲ್ಲಿ ಸೇವೆಯ ತರಬೇತಿ. ಹೀಗೆ ಹಂಚಿದರೆ ಒಂದು ಕಡೆಯ ಮಕ್ಕಳು ಆರೈಕೆ ಪಡೆಯುವವರು, ಇನ್ನೊಂದು ಕಡೆಯವರು ಆರೈಕೆ ಕೊಡುವವರು ಎಂದು ಹೈಸ್ಕೂಲಿನಲ್ಲೇ ಬರೆದುಕೊಟ್ಟಂತೆ. ತಮ್ಮ ಅಪ್ಪನನ್ನು ಮಗ್ಗುಲು ತಿರುಗಿಸಲು ಬಾರದ ಎಂಜಿನಿಯರುಗಳನ್ನು ನಾವು ಸಾಕಷ್ಟು ತಯಾರಿಸಿಯಾಗಿದೆ. ಈ ತರಗತಿ ಮೊದಲು ಬೇಕಿರುವುದು ರಸ್ತೆಯಾಚೆ ಎಂದೇ ನನಗೆ ಅನ್ನಿಸುತ್ತದೆ.

ಕೈಕೆಲಸವನ್ನು ಶಾಲೆಗೆ ತರುವ ಯತ್ನ ನಮಗೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ‘ನಯೀ ತಾಲೀಮ್’ ಮುಂದಿಟ್ಟರು, ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯದ ರೂಪ ಕೊಟ್ಟಿತು. ಆಮೇಲೆ ಕೊಠಾರಿ ಆಯೋಗದ ಕಾರ್ಯಾನುಭವ ಬಂತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ಎಸ್‌ಯುಪಿಡಬ್ಲ್ಯೂ, ಅಂದರೆ ಸಮಾಜೋಪಯೋಗಿ ಉತ್ಪಾದಕ ಕೆಲಸ, ಬಂತು. ಅದರ ಪೀರಿಯಡ್‌ನಲ್ಲಿ ಮೇಣದಬತ್ತಿ, ಸೀಮೆಸುಣ್ಣ, ಫಿನಾಯಿಲ್ ಮಾಡಿದ್ದು ಒಂದು ತಲೆಮಾರಿಗೆ ನೆನಪಿರಬಹುದು. ನೂಲಿರಲಿ, ಮೇಣದಬತ್ತಿ ಇರಲಿ, ವರ್ಷದ ಕೊನೆಗೆ ಮೇಜಿನ ಮೇಲೆ ಜೋಡಿಸಿಡುವ ವಸ್ತು ಬೇಕಿತ್ತು. ಡಿಡಿಪಿಐ ಬಂದಾಗ ತೋರಿಸಬೇಕಲ್ಲ. ಆರೈಕೆಯಲ್ಲಿ ಹಾಗೆ ತೋರಿಸಲು ಏನೂ ಉಳಿಯುವುದಿಲ್ಲ. ಹುಣ್ಣಾಗದ ಬೆನ್ನನ್ನು ಪ್ರದರ್ಶನಕ್ಕೆ ಇಡುವುದು ಹೇಗೆ? ಶಾಲೆಯ ಕೆಲಸದ ಪಾಠಗಳಲ್ಲಿ ಮಾನವ ಸೇವೆ ಇಷ್ಟು ತಡವಾಗಿ ಕಾಣಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿದ್ದೀತು. ಪಿಯು ಹಂತದಲ್ಲಿ ಕರ್ನಾಟಕ 1970ರ ದಶಕದಲ್ಲೇ ವೃತ್ತಿ ಕೋರ್ಸುಗಳನ್ನು ಶುರು ಮಾಡಿದ ರಾಜ್ಯ. ಜೆಒಸಿ ಎಂದೇ ಜನ ಕರೆಯುತ್ತಿದ್ದ ಅವು ಬಾಗಿಲು ಹಾಕಿ, ಕಲಿಸುತ್ತಿದ್ದವರು ಬೇರೆ ಬೇರೆ ಇಲಾಖೆಗಳಲ್ಲಿ ವಿಲೀನಗೊಂಡರು. ಆ ಕಥೆಯನ್ನು ಯಾರಾದರೂ ಪೂರ್ತಿಯಾಗಿ ಬರೆಯಬೇಕು.

ಪ್ರಾಯೋಗಿಕ ತರಬೇತಿ ಎಂದರೆ ಎಷ್ಟು ಗಂಟೆ? ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ ಸಹಾಯಕರಿಗೆ 1987ರ ಒಂದು ಕೇಂದ್ರ ಕಾನೂನು ಕನಿಷ್ಠ 75 ಗಂಟೆಯ ತರಬೇತಿ ಕಡ್ಡಾಯ ಮಾಡಿತು. ಅಲ್ಲಿನ ಅನೇಕ ಹೈಸ್ಕೂಲುಗಳಲ್ಲಿ ಹದಿನಾರು, ಹದಿನೇಳರ ಮಕ್ಕಳು ಇದೇ ತರಬೇತಿ ಪಡೆದು ಪರೀಕ್ಷೆಗೆ ಕೂರುತ್ತಾರೆ. ಎಪ್ಪತ್ತೈದು ದೊಡ್ಡ ಸಂಖ್ಯೆಯಲ್ಲ, ಸಾಲದು ಎಂದು ಅಲ್ಲಿಯವರೇ ದೂರುತ್ತಾರೆ. ನನ್ನ ಗಮನ ಸೆಳೆದದ್ದು ಆ ನಿಯಮದ ಒಳಗಿನ ಒಂದು ಮಾತು. ರೋಗಿಯ ನೇರ ಸಂಪರ್ಕಕ್ಕೆ ಬರುವ ಮೊದಲೇ 16 ಗಂಟೆ ಕಲಿತಿರಬೇಕು. ಮಾತುಕತೆ, ಸೋಂಕು ತಡೆ, ಸುರಕ್ಷತೆ, ಎದುರಿಗಿರುವವರು ತಾವೇ ಮಾಡಿಕೊಳ್ಳಬಲ್ಲದ್ದನ್ನು ಅವರಿಗೇ ಬಿಡುವುದು, ಅವರ ಹಕ್ಕುಗಳು. ಮುಟ್ಟುವುದು ಆಮೇಲೆ. ಮೇಲ್ವಿಚಾರಣೆಯಲ್ಲಿ ಮಾಡುವ ಪ್ರಾಯೋಗಿಕಕ್ಕೆ ಬೇರೆ 16 ಗಂಟೆ.

ಜಪಾನ್ ಇನ್ನೊಂದು ತುದಿ. ಅಲ್ಲಿ ಆರೈಕೆ ವೃತ್ತಿಗೆ ರಾಷ್ಟ್ರೀಯ ಪರವಾನಗಿ ಕೊಡುವ ಕಾನೂನು ಬಂದದ್ದೂ 1987ರಲ್ಲೇ. 2003ರಿಂದ ಹೈಸ್ಕೂಲಿನ ಪಠ್ಯಕ್ರಮದಲ್ಲಿ ‘ಕಲ್ಯಾಣ’ ಎಂಬುದೇ ಒಂದು ವಿಷಯ ಶಾಖೆ. ಆ ಶಾಖೆ ಆರಿಸಿಕೊಂಡು ಪರವಾನಗಿ ಪರೀಕ್ಷೆಗೆ ಕೂರಬೇಕಾದರೆ ಮೂರು ವರ್ಷದಲ್ಲಿ 1855 ಗಂಟೆ ಓದು, ಅದರಲ್ಲಿ 455 ಗಂಟೆ ವೃದ್ಧಾಶ್ರಮ, ಹಗಲು ಕೇಂದ್ರಗಳಲ್ಲಿ ನಿಜವಾದ ಮನುಷ್ಯರ ನಡುವೆ. ಪಾಸಾದ ಹದಿನೆಂಟರ ಹುಡುಗಿಯ ಕೈಗೆ ಸಿಗುವುದು ಕಾಲೇಜು ಓದಿದವರಿಗೆ ಸಿಗುವ ಅದೇ ಪರವಾನಗಿ. ಇಷ್ಟಾಗಿಯೂ ಅಲ್ಲಿ ಜನ ಸಾಲುತ್ತಿಲ್ಲ, ಸಂಬಳದ ಬಗ್ಗೆ ಗೊಣಗಾಟ ನಿಂತಿಲ್ಲ. ತರಬೇತಿಯೊಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಂಬಲು ಜಪಾನ್ ಬಿಡುವುದಿಲ್ಲ.

ನಮ್ಮ ಹಳ್ಳಿ ಹೈಸ್ಕೂಲಿಗೆ ವೃದ್ಧಾಶ್ರಮ ಎಲ್ಲಿಂದ ತರುವುದು? ತರಬೇಕಿಲ್ಲ, ಕಾಂಪೌಂಡಿನಾಚೆ ಅಂಗನವಾಡಿ ಇದೆ. ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಮೊದಲ 33 ಜಾಗಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಇವತ್ತು ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ಮಾನವ ಸೇವೆಗೆ ಇದಕ್ಕಿಂತ ದೊಡ್ಡ ಪ್ರಯೋಗಾಲಯ ಯಾವ ರಾಜ್ಯವೂ ಹೊಸದಾಗಿ ಕಟ್ಟಲಾರದು. ವಾರಕ್ಕೊಂದು ಬೆಳಿಗ್ಗೆ ನಾಲ್ಕು ಮಕ್ಕಳು ಅಲ್ಲಿ ಹೋಗಿ ಕೂರಲಿ. ಕೂತು ಮಾಡುವುದೇನು? ಮೊದಲ ತಿಂಗಳು ಏನೂ ಮಾಡದೆ ನೋಡಬೇಕು. ಮೂರು ವರ್ಷದ ಮಗು ಅಳು ನಿಲ್ಲಿಸುವುದಕ್ಕೆ ಕಾರ್ಯಕರ್ತೆ ಏನು ಮಾಡಿದರು, ಏನು ಮಾಡದೆ ಬಿಟ್ಟರು? ಯಾವ ಮಗು ಊಟದ ಹೊತ್ತಿಗೆ ತಟ್ಟೆಯನ್ನು ಗೋಡೆ ಕಡೆ ತಿರುಗಿಸಿಕೊಳ್ಳುತ್ತದೆ? ನೋಡಿದ್ದನ್ನು ಬರೆಯುವಾಗ ‘ಹಟಮಾರಿ’ ಎಂದು ಬರೆಯಬಾರದು. ಮಗು ಮಾಡಿದ್ದನ್ನು ಬರೆಯಬೇಕು. ‘ಚೆಂಡು ಕಿತ್ತುಕೊಂಡಾಗ ನೆಲಕ್ಕೆ ಬಿದ್ದು ಅತ್ತಿತು, ಎರಡು ನಿಮಿಷದ ನಂತರ ತಾನಾಗಿ ಎದ್ದಿತು.’ ಇಷ್ಟು ಬರೆಯಲು ಕಲಿತ ಹುಡುಗ ಮುಂದೆ ಸಮಾಜಕಾರ್ಯ ಓದಿದರೂ, ಪೊಲೀಸಾದರೂ, ಪತ್ರಕರ್ತನಾದರೂ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಕೈಗೆ ಪಟ್ಟಿ ಕೊಡಬಹುದು. ತೋಳಿನ ಸುತ್ತಳತೆ ನೋಡುವ ಮೂರು ಬಣ್ಣದ ಆ ಕಾಗದದ ಪಟ್ಟಿ: ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, 12.5ರವರೆಗೆ ಹಳದಿ, ಅದಕ್ಕೆ ಮೇಲೆ ಹಸಿರು. ಬಿಗಿಯಾಗಿ ಎಳೆದರೆ ಹಸಿರು ಮಗುವೂ ಹಳದಿಯಾಗುತ್ತದೆ, ಸಡಿಲ ಬಿಟ್ಟರೆ ಕೆಂಪು ಮಗು ತಪ್ಪಿಸಿಕೊಳ್ಳುತ್ತದೆ. ಒಂದೇ ಮಗುವಿಗೆ ನಾಲ್ವರು ಅಳೆದು ನಾಲ್ಕು ಉತ್ತರ ಬಂದಾಗ ಮಕ್ಕಳಿಗೆ ಗೊತ್ತಾಗುವುದು, ಸರ್ಕಾರದ ಅಂಕಿಅಂಶವೆಲ್ಲ ಇಂಥ ಯಾರದೋ ಬೆರಳುಗಳಿಂದ ಬಂದದ್ದು ಎಂದು.

ಇದರಲ್ಲಿ ಅಪಾಯಗಳೂ ಇವೆ. ಅವನ್ನು ಮುಚ್ಚಿಡುವುದು ಸರಿಯಲ್ಲ. ನಾಲ್ಕು ಜೊತೆ ಕೈ ಬಿಟ್ಟಿ ಸಿಕ್ಕಿತು ಎಂದು ಅಂಗನವಾಡಿಯಲ್ಲಿ ಪಾತ್ರೆ ತೊಳೆಸುವುದು, ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಿಸುವುದು ಶುರುವಾಗಲು ಹೆಚ್ಚು ದಿನ ಬೇಡ. ಹದಿನೆಂಟು ತುಂಬದ ಮಕ್ಕಳು ಯಾವ ಕೆಲಸ ಮಾಡಬಹುದು, ಯಾವುದನ್ನು ಮುಟ್ಟಲೇಬಾರದು ಎಂಬ ಪಟ್ಟಿ ಗೋಡೆಯ ಮೇಲೆ ಇರಬೇಕು: ಸೂಜಿ ಇಲ್ಲ, ಮಾತ್ರೆ ಇಲ್ಲ, ರಕ್ತ ಇಲ್ಲ, ದೊಡ್ಡವರಿಲ್ಲದೆ ಒಬ್ಬರೇ ಯಾರ ಕೋಣೆಯಲ್ಲೂ ಇಲ್ಲ. ಮೊಬೈಲು ಹೊರಗೆ. ಮುದ್ದಾಗಿದೆ ಎಂದು ಮಗುವಿನ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಕಾಲ ಇದು. ಇನ್ನೊಬ್ಬರ ಬಡತನ, ಕಾಯಿಲೆ ನಮ್ಮ ಸುದ್ದಿಯಲ್ಲ ಎಂಬುದನ್ನು ಮೊದಲ ವಾರವೇ ಹೇಳಬೇಕು. ಅದೇ ಉಸಿರಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕಾಣುವ ಇನ್ನೊಂದು ಪಾಠವೂ ಬೇಕು. ಯಾವುದಾದರೂ ಮಗು ತನಗೆ ಲೈಂಗಿಕ ಕಿರುಕುಳವಾಗಿದೆ ಎಂದು ಹೇಳಿದರೆ ಅದು ಗುಟ್ಟಾಗಿ ಉಳಿಯುವ ವಿಷಯವಲ್ಲ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಯಾವುದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಇಟ್ಟುಕೊಳ್ಳಬಾರದು ಎಂಬುದು ದೊಡ್ಡವರಿಗೂ ಕಷ್ಟ. ಹದಿನೈದರ ಮಕ್ಕಳಿಗೆ ಅದನ್ನು ತಾವೇ ನಿರ್ಧರಿಸಿ ಎನ್ನದೆ, ಯಾರ ಬಳಿ ಓಡಿಹೋಗಿ ಹೇಳಬೇಕು ಎಂದಷ್ಟೇ ಖಚಿತವಾಗಿ ತೋರಿಸಿಕೊಟ್ಟರೆ ಸಾಕು.

ಇನ್ನು ಮನಸ್ಸಿನ ಮಾತು. ಮರೆವಿನ ಕಾಯಿಲೆಯ ಅಜ್ಜಿ ಸ್ವಂತ ಮನೆಯಲ್ಲೇ ಕೂತು, ಸಂಜೆಯಾಗುತ್ತಲೇ ಸೀರೆಯ ಗಂಟು ಕಟ್ಟಿಕೊಂಡು ‘ಮನೆಗೆ ಹೋಗ್ತೀನಿ’ ಎಂದು ಹೊರಡುತ್ತಾಳೆ. ‘ಇದೇ ಮನೆ ಅಜ್ಜಿ’ ಎಂದರೆ ಜಗಳ. ಬಾಗಿಲು ಹಾಕಿದರೆ ಕೂಗಾಟ. ಕಲಿತವರು ಪಕ್ಕದಲ್ಲಿ ಕೂತು ಕೇಳುತ್ತಾರೆ: ‘ನಿಮ್ಮನೇಲಿ ಯಾರ್ಯಾರು ಇದ್ದಾರೆ ಅಜ್ಜಿ? ಅಂಗಳದಲ್ಲಿ ಏನೇನು ಗಿಡ ಇತ್ತು?’ ಅಜ್ಜಿ ಹೇಳುತ್ತಾ ಹೋಗುತ್ತಾಳೆ. ಆಕೆ ಹೊರಟದ್ದು ಎಪ್ಪತ್ತು ವರ್ಷದ ಹಿಂದಿನ ತವರಿಗೆ. ಕಾಫಿ ಬರುವ ಹೊತ್ತಿಗೆ ಗಂಟು ಪಕ್ಕಕ್ಕೆ ಸರಿದಿರುತ್ತದೆ. ನಾಳೆ ಸಂಜೆ ಮತ್ತೆ ಇದೇ. ಇಂಥದ್ದನ್ನು ಕಂಡು ಬಂದ ಮಗು ರಾತ್ರಿ ನಿದ್ದೆಗೆಡಬಹುದು, ತನ್ನ ಅಜ್ಜಿಯ ನೆನಪಾಗಿ ಅಳಬಹುದು. ಅಂಗನವಾಡಿಯಿಂದಲೋ ಆಸ್ಪತ್ರೆಯಿಂದಲೋ ಹಿಂತಿರುಗಿದ ದಿನ ಅರ್ಧ ಗಂಟೆ ಕೂತು ಮಾತಾಡುವ ವ್ಯವಸ್ಥೆ ಇಲ್ಲದೆ ಮಕ್ಕಳನ್ನು ಇಂಥ ಜಾಗಕ್ಕೆ ಕಳಿಸಲೇಬಾರದು. ಆ ಅರ್ಧ ಗಂಟೆ ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಇರಬೇಕು. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಹಲಗೆಯ ಮೇಲೆ ಬರೆದಿರಲಿ. ಆದರೆ ಅದು ಆ ಮಾತುಕತೆಗೆ ಬದಲಿ ಆಗಲಾರದು.

ಕೇರಳದ ಕೋಯಿಕ್ಕೋಡಿನಲ್ಲಿ 1993ರಲ್ಲಿ ನೋವು ಮತ್ತು ಉಪಶಾಮಕ ಆರೈಕೆ ಸೊಸೈಟಿ ಹುಟ್ಟಿ, ಮುಂದೆ ಊರೂರಿನ ಸ್ವಯಂಸೇವಕರ ಜಾಲವಾಗಿ ಹಬ್ಬಿತು. ವಿದ್ಯಾರ್ಥಿಗಳೂ ಅದರಲ್ಲಿ ಸೇರಿದರು. ಅಲ್ಲಿ ನರ್ಸಿನ ಕೆಲಸ ನರ್ಸೇ ಮಾಡುತ್ತಾರೆ. ಜೊತೆಗೆ ಹೋದವರು ಹಾಸಿಗೆಯ ಪಕ್ಕ ಕೂತು ಮಾತಾಡುತ್ತಾರೆ, ಪೇಪರು ಓದಿ ಹೇಳುತ್ತಾರೆ. ಗುರುತು ಪರಿಚಯ ಇಲ್ಲದ ಮುದುಕರೊಡನೆ ಒಂದು ಗಂಟೆ ಮಾತಾಡುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು.

ಹುಡುಗರ ವಿಷಯ ಬೇರೆಯಾಗಿಯೇ ಹೇಳಬೇಕು. ಆಯ್ಕೆ ಕೊಟ್ಟರೆ ಹುಡುಗರು ಆಟೊಮೊಬೈಲ್, ಹುಡುಗಿಯರು ಬ್ಯೂಟಿ ಅಥವಾ ಆರೋಗ್ಯ. ಶಾಲೆಯೂ ಹಾಗೇ ಸಾಲು ಮಾಡಿ ನಿಲ್ಲಿಸುತ್ತದೆ. ಹಾಸಿಗೆ ಹಿಡಿದ ಎಪ್ಪತ್ತು ಕಿಲೊದ ಗಂಡಸನ್ನು ಎತ್ತಲು ಮನೆಯವರು ಹುಡುಕುವುದು ಗಂಡಸನ್ನೇ, ಸಿಗುವುದಿಲ್ಲ. ಇದರ ಕೆಳಗೆ ಇನ್ನೊಂದು ಪದರ ಇದೆ, ಜಾತಿಯದ್ದು. ಬೆಡ್‌ಪ್ಯಾನ್ ತೆಗೆಯುವ ಪಾಠ ಬಂದಾಗ ‘ನಮ್ಮ ಮಗು ಅದನ್ನೆಲ್ಲ ಮುಟ್ಟಬೇಕಾ?’ ಎಂದು ಕೇಳುವ ಪೋಷಕರು ಇದ್ದೇ ಇರುತ್ತಾರೆ. ಹಾಗೆ ಕೇಳದ ಪೋಷಕರ ಮಕ್ಕಳಿಗೇ ಆ ಸರದಿ ಮತ್ತೆ ಮತ್ತೆ ಬರದಂತೆ ನೋಡಿಕೊಳ್ಳುವುದು ಮುಖ್ಯೋಪಾಧ್ಯಾಯರ ಕೆಲಸ. ಸರದಿ ಪಟ್ಟಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲೇ ಬರೆದು ಅಂಟಿಸಿದರೆ ಅರ್ಧ ಜಗಳ ತಪ್ಪುತ್ತದೆ. ಉಳಿದರ್ಧ ನಡೆಯಲಿ, ನಡೆಯಬೇಕಾದ ಜಗಳವೇ ಅದು.

ಓದಿದ ಮೇಲೆ ಮುಂದೇನು ಎಂಬಲ್ಲಿಗೆ ಬಂದರೆ ನಮ್ಮ ಏಣಿಗೆ ಮೆಟ್ಟಿಲುಗಳೇ ಕಡಿಮೆ. ಎಸ್‌ಎಸ್‌ಎಲ್‌ಸಿಯಲ್ಲಿ ಎರಡು ವರ್ಷ ಆರೈಕೆ ಕಲಿತ ಹುಡುಗಿ ಪಿಯುಗೆ ಬಂದರೆ ಅದರ ಮುಂದುವರಿಕೆ ಅಲ್ಲಿ ಇರುವುದು ಅಪರೂಪ. ನರ್ಸಿಂಗ್‌ಗೆ ಹೋಗಲಿ, ಶಿಕ್ಷಕ ತರಬೇತಿಗೆ ಹೋಗಲಿ, ವಿಶೇಷ ಶಿಕ್ಷಣಕ್ಕೆ ಹೋಗಲಿ, ಮೊದಲಿನಿಂದ ಶುರು. ಕಲಿತ ಗಂಟೆಗಳನ್ನು ಕ್ರೆಡಿಟ್ ಆಗಿ ಮುಂದಕ್ಕೆ ಒಯ್ಯಬಹುದು ಎಂದು 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೇಳುತ್ತದೆ. ಕಾಲೇಜಿನ ಪ್ರವೇಶ ಕೌಂಟರಿನಲ್ಲಿ ಕೂತ ಗುಮಾಸ್ತರಿಗೆ ಆ ಸುದ್ದಿ ಮುಟ್ಟಬೇಕಿದೆ. ನಡುವೆ ಕೈ ಚಾಚಿ ನಿಂತಿರುವುದು ಹೋಮ್ ನರ್ಸ್ ಕಳಿಸುವ ಏಜೆನ್ಸಿಗಳು.

ಇದೇ ಕೆಲಸಕ್ಕೆ ಬೆಲೆ ಸಿಗುವ ಜಾಗವನ್ನು ಕರಾವಳಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್‌ನಲ್ಲಿ ಯುದ್ಧ ಹತ್ತಿಕೊಂಡಾಗ ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಫೋನುಗಳು ಬಿಡುವಿಲ್ಲದೆ ರಿಂಗಣಿಸಿದವು. ಅಲ್ಲಿ ವೃದ್ಧರ ಆರೈಕೆಗೆಂದು ಹೋದ ನಮ್ಮವರು ಎಷ್ಟೊಂದು ಜನ ಎಂಬುದು ಘಟ್ಟದ ಮೇಲಿನವರಿಗೆ ತಿಳಿದದ್ದು ಆಗಲೇ. ಅವರಲ್ಲಿ ಗಂಡಸರೂ ಇದ್ದಾರೆ. ಊರಲ್ಲಿ ಯಾರದೋ ಅಪ್ಪನಿಗೆ ಸ್ನಾನ ಮಾಡಿಸು ಎಂದರೆ ಹಿಂಜರಿಯುವ ಯುವಕ ಅಲ್ಲಿ ಅದನ್ನೇ ಮಾಡಿ ಮನೆ ಕಟ್ಟಿಸಿದ್ದಾನೆ, ತಂಗಿಯ ಮದುವೆ ಮಾಡಿದ್ದಾನೆ. ಜಪಾನ್ ಜೊತೆ ಭಾರತ 2021ರ ಜನವರಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲೂ ನುರಿತ ಕೆಲಸಗಾರರನ್ನು ಕಳಿಸುವ ಕ್ಷೇತ್ರಗಳ ಪಟ್ಟಿಯಲ್ಲಿ ವೃದ್ಧರ ಆರೈಕೆ ಇದೆ. ಹೋಗಬೇಕಾದರೆ ಭಾಷೆಯ ಪರೀಕ್ಷೆ, ಆರೈಕೆಯ ಪರೀಕ್ಷೆ ಎರಡೂ ಪಾಸಾಗಬೇಕು. ಅಂದರೆ ನಮ್ಮ ಮಕ್ಕಳ ಕೈಗೆ ವಿದ್ಯೆ ಇದೆಯೇ ಎಂದು ಪರೀಕ್ಷೆ ಮಾಡಿ, ಅದಕ್ಕೆ ಸಂಬಳ ನಿಗದಿ ಮಾಡುವವರು ಹೊರಗಿನವರು.

ಇಲ್ಲಿ, ತರಬೇತಿ ಪಡೆದ ಹುಡುಗಿಯೊಬ್ಬಳು ಮೊದಲ ದಿನ ಒಂದು ಮನೆಗೆ ಹೋದಾಗ ಕೇಳುವ ಪ್ರಶ್ನೆಗಳೇ ಮನೆಯವರಿಗೆ ವಿಚಿತ್ರ ಅನ್ನಿಸುತ್ತವೆ. ಯಾವ ಕಡೆ ಸೋತಿದೆ? ನೀರು ಕುಡಿಯುವಾಗ ಕೆಮ್ಮು ಬರುತ್ತದಾ? ಕಿವಿ ಯಾವುದು ಚೆನ್ನಾಗಿ ಕೇಳುತ್ತದೆ? ಅವರನ್ನು ನಾನು ಏನೆಂದು ಕರೆಯಬೇಕು, ತಾತ ಅನ್ನಲಾ, ಮೇಷ್ಟ್ರೇ ಅನ್ನಲಾ? ಮನೆಯವರು ಉತ್ತರ ಹೇಳುತ್ತಾರೆ. ಹೇಳಿಯಾದ ಮೇಲೆ, ಅಡುಗೆಯನ್ನೂ ಮಾಡ್ತೀಯಲ್ಲ, ತಿಂಗಳಿಗೆ ಎರಡು ಸಾವಿರ ಕಮ್ಮಿ ಮಾಡ್ಕೊ ಎನ್ನುತ್ತಾರೆ.